ತಬಿತವ್ವ ದೇವರಿಗೊಬ್ಬನಿಗೇ ಹೇಳಿದ ಮಾತು

"ನನ್ನ ಹೊಟ್ಟ್ಯಾಗ ಬಿದ್ದ ಮಾತು ಅಂದ್ರ ಬ್ಯಾಂಕಿನ ಲಾಕರಿನ್ಯಾಗ ಇಟ್ಟ ಬಂಗಾರ ಇದ್ಧಂಗ. ಲಾಕರರೆ ಎರಡು ಕೀಲಿ ಹಾಕಿದ್ರ ತೆರಿತೈತಿ, ಇದು ಅದಕ್ಕೂ ತೆರಿಯಂಗಿಲ್ಲ!"

ಬೆಂಗೇರಿಯ ತಬಿತವ್ವ ಹೊಸಮನಿ ಈ ಮಾತನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಹೇಳುವಾಗ ಆಕೆಯ ದನಿ ಓಣಿ ಬಿಟ್ಟು, ಕೇಶ್ವಾಪುರ ದಾಟಿ, ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಆ ತುದಿಗೆ ಮುಟ್ಟಿ, ಅಲ್ಲಿ ನಿಂತ ಗಾರ್ಡು ಹಸಿರು ಬಾವುಟ ಬೀಸಲೋ ಬೇಡವೋ ಎಂದು ಗೊಂದಲಕ್ಕೆ ಬೀಳುತ್ತಿದ್ದ. ಗುಟ್ಟು ಕಾಯುವ ತನ್ನ ಶಕ್ತಿಯನ್ನು ಇಷ್ಟು ದೊಡ್ಡ ದನಿಯಲ್ಲಿ ಸಾರಿದವರು ಧಾರವಾಡ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಆಕೆ ಹುಟ್ಟಿದ್ದು ಗರಗದಲ್ಲಿ, ಖಾದಿ ನೂಲುವ ರಾಟೆಯ ಸದ್ದಿನ ನಡುವೆ. ಆ ಸದ್ದನ್ನು ಮೀರಿ ಅವ್ವನಿಗೆ ಹಸಿವು ತಿಳಿಸಬೇಕಾಗಿತ್ತಲ್ಲ, ಗಂಟಲು ತೊಟ್ಟಿಲಲ್ಲೇ ತಯಾರಾಯಿತು. ಮದುವೆಯಾದದ್ದು ರೈಲ್ವೆ ವರ್ಕ್‌ಶಾಪಿನ ಖಲಾಸಿ ಯೋಹಾನನನ್ನು. ಪಾದ್ರಿ ಕೇಳಿದಾಗ "ಒಪ್ಪಿದ್ದೇನೆ" ಎಂದದ್ದೇ ಆ ಪುಣ್ಯಾತ್ಮ ಪೂರ್ತಿಯಾಗಿ ಮುಗಿಸಿದ ಕೊನೆಯ ವಾಕ್ಯ; ಮುಂದಿನದನ್ನೆಲ್ಲ ತಬಿತವ್ವನೇ ಮುಗಿಸಿದಳು. ಆತ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕಿದಳು. ಆಕೆ ಬಡಿದ ಕಟಕ್ ರೊಟ್ಟಿಯ ಹಿಂದೆ ಪೇಪರು ಹಿಡಿದರೆ ಕನ್ನಡಕವಿಲ್ಲದೆ ಓದಬಹುದಿತ್ತು. ಒಮ್ಮೆ ಗಾಳಿಗೆ ಒಂದು ರೊಟ್ಟಿ ಹಾರಿ ಗೋಕುಲ ರೋಡಿನ ವಿಮಾನ ನಿಲ್ದಾಣದಲ್ಲಿ ಇಳಿಯಿತೆಂದು ಆಕೆಯೇ ಹೇಳುತ್ತಿದ್ದಳು. ಇಳಿಯಲು ಅನುಮತಿ ಕೇಳಿತ್ತೋ ಇಲ್ಲವೋ ಹೇಳುತ್ತಿರಲಿಲ್ಲ.

ಗಂಡ ಹೋದ ಮೇಲೆ ದೊಡ್ಡ ಚರ್ಚಿನ ಮೆತ್ತನೆಯ ಪ್ರಾರ್ಥನೆ ಆಕೆಗೆ ಸಾಲದಾಯಿತು. ಉಪ್ಪಿನಬೆಟಗೇರಿಯ ಹುಡುಗ, ಪಾಸ್ಟರ್ ಆಶಿಷ್ ನಡೆಸುವ ಸಣ್ಣ ಸಭೆಗೆ ಸೇರಿದಳು. ಅಲ್ಲಿ ಕಣ್ಣು ಮುಚ್ಚಿ, ಕೈ ಎತ್ತಿ, ಎದುರಿಗೆ ಕೂತ ಮನುಷ್ಯನ ಜೊತೆ ಮಾತಾಡಿದಂತೆ ದೇವರ ಜೊತೆ ಮಾತಾಡಬಹುದಿತ್ತು. ಯಾರಿಗೆ ಏನು ಕಷ್ಟವೋ ಅದನ್ನು ಹೆಸರು ಹಿಡಿದು ಕೇಳಿಕೊಳ್ಳಬೇಕು. ದೇವರಿಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಬಾರದು ಎಂಬುದು ಆ ಸಭೆಯ ಪದ್ಧತಿ. ಶುಕ್ರವಾರದ ಉಪವಾಸ ಪ್ರಾರ್ಥನೆ ತಬಿತವ್ವನ ಮನೆಯ ಪಡಸಾಲೆಯಲ್ಲೇ ನಡೆಯತೊಡಗಿತು. ಕೊನೆಗೆ ಆಕೆ "ಆಮೆನ್" ಅಂದರೆ ಉಣಕಲ್ ಕೆರೆಯ ಮೀನುಗಳು ಒಮ್ಮೆ ಮುಳುಗಿ ಏಳುತ್ತಿದ್ದವು.

ಪಕ್ಕದಲ್ಲೇ, ಹಿತ್ತಲ ಗೋಡೆಯ ಆಚೆ, ಅಮೀನಾಬಿಯ ಮನೆ. ಇಬ್ಬರೂ ಒಂದೇ ವರ್ಷ ಸೊಸೆಯಾಗಿ ಬಂದವರು, ಇಬ್ಬರೂ ಈಗ ವಿಧವೆಯರು. ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲಿತ್ತು. ಬಾಣಂತನ, ಸಾವು, ಸಾಲದ ಸಾಸಿವೆ, ಎಲ್ಲವೂ ಅದರಲ್ಲಿ ತಲೆ ಬಗ್ಗಿಸಿಯೇ ದಾಟಿದ್ದವು. ಧರ್ಮದ ವಿಷಯದಲ್ಲಿ ಇಬ್ಬರ ನಡುವೆ ಒಂದು ಕರಾರಿತ್ತು. ಕ್ರಿಸ್‌ಮಸ್ಸಿಗೆ ಕೇಕು ಕೊಡುವಾಗ ತಬಿತವ್ವ, "ಅಮೀನಾ, ಯೇಸಪ್ಪನ್ನ ನಂಬು, ನಿನ್ನ ಬಿಟ್ಟು ನನಗ ಸ್ವರ್ಗದಾಗ ಹೊತ್ತು ಹೋಗಂಗಿಲ್ಲ" ಎನ್ನಬೇಕು. ಬಕ್ರೀದಿಗೆ ತಾಟು ಕೊಡುವಾಗ ಅಮೀನಾಬಿ, "ತಬಿತಾ, ಕಲ್ಮಾ ಓದು, ನಿನ್ನ ಬಾಯಿಗೆ ಅಲ್ಲೂ ಕೆಲಸ ಐತಿ" ಎನ್ನಬೇಕು. ಇಬ್ಬರೂ ಮನಸಾರೆ ಹೇಳುತ್ತಿದ್ದರು. ಇಬ್ಬರೂ ಮನಸಾರೆ ಒಲ್ಲೆ ಅನ್ನುತ್ತಿದ್ದರು. ಆಮೇಲೆ ವರ್ಷವಿಡೀ ಆ ಮಾತಿಲ್ಲ, ಬರೀ ಚಹಾ.

ಅಮೀನಾಬಿಗೆ ಸಕ್ಕರೆ ಕಾಯಿಲೆ ಬಂದದ್ದು ಮೊದಲು ಗೊತ್ತಾದದ್ದೂ ತಬಿತವ್ವನಿಗೇ, ದವಾಖಾನೆಗೆ ಜೊತೆಗೆ ಹೋದವಳು ಆಕೆಯೇ ಆದ್ದರಿಂದ. ಈ ಸಲ ರಮ್ಜಾನ್ ಹತ್ತಿರ ಬಂದಾಗ ಡಾಕ್ಟರು ಬೆರಳೆತ್ತಿ ಹೇಳಿದ್ದರು: "ಅಮ್ಮಾರ, ಈ ಗುಳಿಗಿ ತಗೊಂಡು ಮಧ್ಯಾಹ್ನ ಉಣಲಿಲ್ಲ ಅಂದ್ರ ಸಕ್ಕರಿ ಪಾತಾಳಕ್ಕ ಇಳಿತೈತಿ. ಬೆವತು, ನಡುಗಿ, ಹಂಗ ಎಚ್ಚರ ತಪ್ಪಿದ್ರ ಮುಂದ ನನ್ನ ಕೈಯಾಗ ಏನೂ ಇರಂಗಿಲ್ಲ. ಈ ವರ್ಷ ರೋಜಾ ಬ್ಯಾಡ."

ಹೊರಗೆ ಬಂದ ಅಮೀನಾಬಿ ಬೇವಿನ ಮರದ ಕೆಳಗೆ ಕೂತುಬಿಟ್ಟಳು. ಬುದ್ಧಿ ತಿಳಿದಾಗಿನಿಂದ ಒಂದೂ ರೋಜಾ ಬಿಟ್ಟವಳಲ್ಲ. ಮೈದುನ ದಾವಲಸಾಬ ಊರ ಮುಂದೆ ಅದನ್ನೇ ಹೇಳಿ ಎದೆ ಉಬ್ಬಿಸುತ್ತಿದ್ದ. ಓಣಿಯ ಹುಡುಗಿಯರು ಬಾಯಾರಿಕೆ ಎಂದರೆ "ಅಮೀನಾಬಿನ್ನ ನೋಡಿ ಕಲೀರಿ" ಅನ್ನುವುದು ರೂಢಿ.

"ನಿಮ್ಮ ದೇವರು ಬೀಮಾರಿದ್ದವರಿಗೆ ಬಿಡಂಗಿಲ್ಲೇನು?" ಎಂದು ಕೇಳಿದಳು ತಬಿತವ್ವ.

"ಅಲ್ಲಾಹ್ ಬಿಡತಾನವಾ. ಓಣಿ ಬಿಡಂಗಿಲ್ಲ."

ಹೀಗೆ ಶುರುವಾಯಿತು ಗುಟ್ಟು. ನಸುಕಿನಲ್ಲಿ ಎಲ್ಲರ ಜೊತೆ ಸಹರಿ ಉಂಡು ಗುಳಿಗೆ ನುಂಗುವುದು. ಮಧ್ಯಾಹ್ನ ಸೊಸೆ ಆರ್ಜೂ ಮಲಗಿದಾಗ ಗಿಡ್ಡ ಬಾಗಿಲಿಂದ ತಬಿತವ್ವನ ಅಡುಗೆಮನೆಗೆ ಬಂದು ರೊಟ್ಟಿ ಪಲ್ಯ ಉಣ್ಣುವುದು. ಸಂಜೆ ಎಲ್ಲರ ಜೊತೆ ಖರ್ಜೂರ ಹಿಡಿದು ಕೂಡುವುದು. ಶುಕ್ರವಾರವಂತೂ ಕಟ್ಟುನಿಟ್ಟಾಗಿ ಉಪವಾಸ ಇದ್ದವಳು ಕ್ರೈಸ್ತಳು, ಆಕೆಯ ಎದುರಿಗೆ ಕೂತು ಉಂಡವಳು ಮುಸಲ್ಮಾನಳು.

"ಯಾರಿಗರೆ ಅಂದೀ ಅಂದ್ರ ನನ್ನ ಮಣ್ಣಿಗೂ ಬರಬ್ಯಾಡ," ಎಂದಳು ಅಮೀನಾಬಿ.

"ನನಗೇನ್ ಹೇಳ್ತಿ? ನನ್ನ ಹೊಟ್ಟಿ ಅಂದ್ರ ಲಾಕರ್!" ಎಂದಳು ತಬಿತವ್ವ. ಅಮೀನಾಬಿ ಗಾಬರಿಯಾಗಿ ಆಕೆಯ ಬಾಯಿಗೆ ಸೆರಗು ಒತ್ತಿದಳು.

ತಬಿತವ್ವ ಯಾರಿಗೂ ಹೇಳಲಿಲ್ಲ. ಖರೇ ಹೇಳಬೇಕೆಂದರೆ ಮನುಷ್ಯರ ಪೈಕಿ ಯಾರಿಗೂ ಹೇಳಲಿಲ್ಲ.

ಆ ಶುಕ್ರವಾರ ಸಭೆಗೆ ಮಂದಿ ಹೆಚ್ಚಾಗಿ ಅಂಗಳದಲ್ಲೂ ಕೂತಿದ್ದರು. ಅವರಿಗೆ ಕೇಳಲೆಂದು ಆಶಿಷ್ ಹೊಸ ಸ್ಪೀಕರು ತಂದು ಕಿಟಕಿಯಲ್ಲಿ ಇಟ್ಟಿದ್ದ. ತಬಿತವ್ವನ ಕೈಗೆ ಮೈಕು ಕೊಡುವುದೆಂದರೆ ಗುಡುಗಿಗೆ ತಮಟೆ ಕೊಟ್ಟಂತೆ; ಆದರೆ ಆತ ಸ್ಪೀಕರಿಗೆ ಹೊಸಬ, ಕೊಟ್ಟ. ಆಕೆ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಮೇಲೆ ಆಕೆಗೆ ಪಡಸಾಲೆ ಇಲ್ಲ, ಓಣಿ ಇಲ್ಲ, ಆಕೆ ಮತ್ತು ಆಕೆಯ ದೇವರು ಇಬ್ಬರೇ.

"ಅಪ್ಪಾ ಯೇಸಪ್ಪಾ, ನನ್ನ ಗೆಳತಿ ಅಮೀನಾನ್ನ ನೋಡಪ್ಪಾ. ಆಕಿ ಸಕ್ಕರಿ ಇಳಸು, ಆದ್ರ ಪೂರಾ ಇಳಸಬ್ಯಾಡ. ದಿನಾ ಮಧ್ಯಾಹ್ನ ಕಳ್ಳರ್ಹಂಗ ನನ್ನ ಅಡಗಿಮನ್ಯಾಗ ಕೂತು ರೊಟ್ಟಿ ತಿಂತಾಳಪ್ಪಾ, ತುತ್ತು ತುತ್ತಿಗೆ ಅಳತಾಳ. ರೋಜಾ ತಪ್ಪಿತು ಅಂತ ಆಕಿ ಮನಸ್ಸು ಒಡದೈತಿ, ಅದನ್ನ ಕೂಡಸು…"

ಜುಮ್ಮಾ ನಮಾಜು ಮುಗಿಸಿ ಗಂಡಸರೆಲ್ಲ ಓಣಿಯೊಳಗೆ ಕಾಲಿಟ್ಟ ಹೊತ್ತು ಸರಿಯಾಗಿ ಅದೇ.

ತಬಿತವ್ವ ಆಮೆನ್ ಅಂದು ಕಣ್ಣು ತೆರೆದಾಗ ಉಳಿದ ಯಾರೂ ಆಮೆನ್ ಅಂದಿರಲಿಲ್ಲ. ಅಂಗಳದ ಮಂದಿ ಎದ್ದು ನಿಂತಿದ್ದರು. ಗೇಟಿನಲ್ಲಿ ದಾವಲಸಾಬ ಇದ್ದ, ಅವನ ಹಿಂದೆ ಬಿಳಿ ಟೊಪ್ಪಿಗೆಗಳ ಸಾಲು. ದಾವಲಸಾಬ ವೆಲ್ಡಿಂಗ್ ಅಂಗಡಿಯ ಮನುಷ್ಯ. ಕಬ್ಬಿಣ ಕಾಯಿಸಿ ಕಾಯಿಸಿ ಅವನ ಮುಖವೂ ಅದೇ ಬಣ್ಣಕ್ಕೆ ಬಂದಿತ್ತು.

"ತಬಿತಕ್ಕಾ, ಇಷ್ಟು ವರ್ಷ ಅಕ್ಕಾ ಅಂದೇನಿ. ಒಂದ ಮಾತು ಹೇಳ್ರಿ. ನಮ್ಮ ಭಾಬಿಗೆ ರಮ್ಜಾನದಾಗ ಹಗಲಿ ನೀವು ಉಣಿಸಾಕತ್ತೀರೇನು?"

"ಅಣ್ಣಾರ, ಒಳಗ ಬರ್ರಿ, ಶಾಂತ ರೀತಿಯಿಂದ ಮಾತಾಡೋಣು…" ಎಂದು ಆಶಿಷ್ ಮುಂದೆ ಬಂದ.

"ನಿನಗ ಕೇಳಿಲ್ಲೋ ತಮ್ಮಾ."

ಹಿಂದಿನಿಂದ ಯಾರೋ ಅಂದರು: "ಹಿಂಗ ನೋಡ್ರಿ ಇವರ ಪದ್ಧತಿ. ಮೊದಲು ಬಾಯಾಗ ತುತ್ತು, ಆಮ್ಯಾಲೆ ಕೈಯಾಗ ಪುಸ್ತಕ."

ಆ ಮಾತಿಗೆ ಸಭೆಯ ಇಬ್ಬರು ಹುಡುಗರು ತೋಳು ಮಡಚಿದರು. ಟೊಪ್ಪಿಗೆಗಳ ಸಾಲೂ ಒಂದು ಹೆಜ್ಜೆ ಮುಂದೆ ಬಂತು. ಒಂದು ಕಲ್ಲು, ಒಂದು ಬೈಗುಳ, ಒಂದು ಮೊಬೈಲು ವಿಡಿಯೋ ಸಾಕಿತ್ತು. ಬೆಂಗೇರಿಯ ಒಂದು ಓಣಿಯ ಹೆಸರು ಸಂಜೆಯೊಳಗೆ ರಾಜ್ಯದ ತುಂಬ ಓಡಾಡುತ್ತಿತ್ತು.

ಅಷ್ಟರಲ್ಲಿ ಪಕ್ಕದ ಕಟ್ಟೆಯ ಮೇಲೆ ಅಮೀನಾಬಿ ಬಂದು ನಿಂತಳು. ಮುಖ ಸುಣ್ಣದ ಗೋಡೆ.

"ಸುಳ್ಳು. ಆಕಿ ಸುಳ್ಳು ಹೇಳಾಕತ್ತಾಳ. ನಾ ಆಕಿ ಮನ್ಯಾಗ ನೀರು ಸುದ್ದಾ ಮುಟ್ಟಿಲ್ಲ."

ಎಲ್ಲರ ಕಣ್ಣೂ ತಬಿತವ್ವನ ಕಡೆ ತಿರುಗಿದವು. ಅಡುಗೆಮನೆಯ ಗೋಡೆಹಲಗೆಯ ಮೇಲೆ ಅಮೀನಾಬಿ ತನ್ನ ಮನೆಯಿಂದ ತಂದು ಉಣ್ಣುವ ತಾಟು ಬೋರಲಾಗಿತ್ತು. ಒಳಗೆ ಹೋಗಿ ತಂದು ತೋರಿಸಿದರೆ ಮುಗಿಯಿತು. ದೇವರ ಮುಂದೆ ಸುಳ್ಳು ಹೇಳಿದವಳು ಎಂಬ ಮಾತಿಗಿಂತ ಕೆಟ್ಟ ಮಾತು ಆಕೆಯ ಪಾಲಿಗೆ ಯಾವುದೂ ಇರಲಿಲ್ಲ. ನಾಲಿಗೆ ಹಲ್ಲಿನ ಹಿಂದೆ ಕುದುರೆಯಂತೆ ಕೆರೆಯಿತು. ಹುಟ್ಟಿದಾಗಿನಿಂದ ಮೊದಲ ಸಲ ಆಕೆ ಅದನ್ನು ಕಟ್ಟಿಹಾಕಿದಳು.

"ನಂದ ತಪ್ಪಾತು, ದಾವಲಸಾಬ," ಎಂದಳು. ಮುಂದಿನ ಸಾಲಿಗೂ ಕೇಳದಷ್ಟು ಮೆಲ್ಲಗೆ.

ಮಂದಿ ಚದುರಿದರು. ಸಂಜೆ ಗಿಡ್ಡ ಬಾಗಿಲಿಗೆ ಆಚೆಯಿಂದ ಚಿಲಕ ಬಿದ್ದ ಸದ್ದಾಯಿತು. ಆ ಬಾಗಿಲಿಗೆ ಚಿಲಕ ಇದೆ ಎಂಬುದೇ ತಬಿತವ್ವನಿಗೆ ಅಂದು ಗೊತ್ತಾದದ್ದು.

ಮರುದಿನ ಮಧ್ಯಾಹ್ನ ರೊಟ್ಟಿ ಆರಿತು. ಅದರ ಮರುದಿನವೂ ಆರಿತು. ಅಮೀನಾಬಿ ಈಗ ಖರೇಖರೇ ರೋಜಾ ಹಿಡಿದಿದ್ದಾಳೆ, ಓಣಿಗೆ ತೋರಿಸಲೆಂದು ಕಟ್ಟೆಯ ಮೇಲೆಯೇ ಬಂದು ಕೂಡುತ್ತಿದ್ದಾಳೆ, ನಸುಕಿನಲ್ಲಿ ಗುಳಿಗೆಯನ್ನೂ ನುಂಗುತ್ತಿದ್ದಾಳೆ. ಇದರ ಅಪಾಯ ಬಲ್ಲವರು ಇಬ್ಬರೇ: ಒಬ್ಬಳು ಹೇಳುವುದಿಲ್ಲ, ಇನ್ನೊಬ್ಬಳು ಹೇಳಿದರೆ ಯಾರೂ ನಂಬುವುದಿಲ್ಲ. ತಬಿತವ್ವ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ತಡೆದು ಗೋಡೆಗೆ ಕಿವಿ ಕೊಡುತ್ತಿದ್ದಳು. ಆಚೆ ಕೆಮ್ಮು ಕೇಳಿದರೆ ಉಸಿರು ಬಿಟ್ಟು ಮತ್ತೆ ಬಡಿಯುತ್ತಿದ್ದಳು. ಕೇಳದಿದ್ದರೆ ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕಲ್ಲಿದ್ದಲಾಗುತ್ತಿತ್ತು. ಖಾನಾವಳಿಯವರಿಂದ ಮೊದಲ ಸಲ ತಕರಾರು ಬಂತು.

ಸೋಮವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಆರ್ಜೂ ಕೊಡ ಹಿಡಿದು ನಿಂತಿದ್ದಳು. ಮಾತಾಡುವುದೋ ಬೇಡವೋ ಎಂಬಂತೆ ನೆಲ ನೋಡುತ್ತ ಅಂದಳು: "ಕಾಕೂ, ನಿನ್ನೆ ಸಂಜೀಕ ಅತ್ತಿ ಕೈ ನಡುಗಿ ಶರಬತ್ತಿನ ಗ್ಲಾಸ ಕೆಳಗ ಬಿತ್ತು. ಮೈಯೆಲ್ಲಾ ಬೆವತಿತ್ತು. ಏನಾಗೇತಿ ಅಂತ ನಿಮಗೇನರೆ ಗೊತ್ತೈತೇನ್ರಿ?"

ಮಾತು ತಬಿತವ್ವನ ಬಾಯಿಯವರೆಗೆ ಬಂತು. ಹೇಳಿದರೆ ಎರಡನೆಯ ಸಲ ಮಾತು ಮುರಿದಂತೆ. ಹೇಳಿದರೂ ಈ ಹುಡುಗಿ ಅತ್ತೆಗೆ ತುತ್ತಿಡಲಾರಳು, ಅತ್ತೆ ಬಾಯಿ ತೆರೆಯಲಾರಳು. "ಆಕಿ ಕಡೆ ಕಣ್ಣಿಟ್ಟಿರವಾ. ಸಕ್ಕರಿ ಡಬ್ಬಿ ಕೈಗೆ ಸಿಗೂವಂಗ ಇಟ್ಟಿರು," ಎಂದಷ್ಟೇ ಹೇಳಿ ಮನೆಗೆ ಬಂದಳು.

ಮನೆಯಲ್ಲಿ ಆಶಿಷ್ ಕಾಯುತ್ತಿದ್ದ. "ಅಮ್ಮಾ, ಆ ಕಡೆ ಹೋಗಲೇಬ್ಯಾಡ್ರಿ. ಯಾರರೆ ಮತಾಂತರ ಅಂತ ಒಂದು ಕಂಪ್ಲೇಂಟ್ ಕೊಟ್ಟರ ನಮ್ಮ ಸಭಾನ ಮುಚ್ಚತಾರ. ನಾವು ಇಲ್ಲೇ ಕೂತು ಪ್ರಾರ್ಥನಿ ಮಾಡೋಣು."

"ಪ್ರಾರ್ಥನಿ ಮಾಡೇ ಇಷ್ಟೆಲ್ಲಾ ಆಗೇತಿ, ತಮ್ಮಾ. ಈಗ ಸ್ವಲ್ಪ ನಡದು ನೋಡತೇನಿ," ಎಂದು ತಬಿತವ್ವ ತಲೆಯ ಮೇಲೆ ಸೆರಗು ಹೊದ್ದಳು.

ಮಧ್ಯಾಹ್ನದ ನಮಾಜು ಬಿಡುವ ಹೊತ್ತಿಗೆ ಆಕೆ ಮಸೀದಿಯ ಗೇಟಿನ ಮುಂದೆ ಬಿಸಿಲಲ್ಲಿ ನಿಂತಿದ್ದಳು. ಬಿಸಿಲೆಂದರೆ, ಚಪ್ಪಲಿ ಡಾಂಬರಿಗೆ ಅಂಟಿ ರಸ್ತೆಯೇ ಕಾಲಿಗೆ ಎದ್ದು ಬರುವಂಥದ್ದು. ಹೊರಗೆ ಬಂದ ಒಬ್ಬೊಬ್ಬರೂ ಆಕೆಯನ್ನು ನೋಡಿ ಮಾತು ನಿಲ್ಲಿಸಿದರು. ದಾವಲಸಾಬ ಬಂದವನು ಅಲ್ಲೇ ನಿಂತ.

"ಇಲ್ಲಿ ಯಾಕ ಬಂದ್ರಿ? ಶುಕ್ರವಾರದ್ದು ಸಾಲಲಿಲ್ಲೇನು?"

"ನಿನ್ನ ಕೂಡ ಜಗಳಕ್ಕ ಬಂದಿಲ್ಲಪಾ. ಹಾಫೀಜ್ ಸಾಹೇಬರ ಕೂಡ ಒಂದು ಮಾತು ಐತಿ."

ಹಾಫೀಜ್ ಸಾಹೇಬರು ಮಸೀದಿಯಲ್ಲಿ ನಮಾಜು ಮಾಡಿಸುವ ಹಿರಿಯರು. ದಾಡಿ ಎಷ್ಟು ಬೆಳ್ಳಗಿತ್ತೆಂದರೆ ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಖಾದಿ ಕೇಂದ್ರದವರು ಬಂದು ಬಿಳಿ ಪಟ್ಟಿಯ ಬಣ್ಣ ಹೋಲಿಸಿ ನೋಡಬೇಕು. ಕೋಲೂರಿ ಗೇಟಿಗೆ ಬಂದರು. "ಹೇಳವಾ."

"ಸಾಹೇಬ್ರ, ಒಬ್ಬರಿಗೆ ಸಕ್ಕರಿ ಕಾಯಿಲಿ ಐತ್ರಿ. ಗುಳಿಗಿ ತಗೊಂತಾರ. ಉಪವಾಸ ಇದ್ರ ಜೀವಕ್ಕ ಕುತ್ತು ಅಂತ ಡಾಕ್ಟ್ರು ಹೇಳ್ಯಾರ. ಆದ್ರೂ ರೋಜಾ ಹಿಡದಾರ. ನಿಮ್ಮ ಧರ್ಮದಾಗ ಇದಕ್ಕ ಏನಂತಾರ್ರಿ?"

"ಮಾಫಿ ಐತಿ. ಜೀವಾ ಕೊಟ್ಟಾವನಿಗೆ ಜೀವಾ ತಗಿಯೂ ರೋಜಾ ಬೇಕಾಗಿಲ್ಲ. ಬದಲಿಗೆ ದಿನಕ್ಕ ಒಬ್ಬ ಬಡವರಿಗೆ ಹೊಟ್ಟಿ ತುಂಬ ಉಣಿಸಬೇಕು, ಅಷ್ಟ." ಸಾಹೇಬರು ಕಣ್ಣು ಕಿರಿದು ಮಾಡಿದರು. "ಯಾರವಾ ಅವರು?"

ತಬಿತವ್ವ ಹಣೆಯ ಬೆವರು ಒರೆಸಿಕೊಂಡಳು. "ಹೆಸರು ಹೇಳಂಗಿಲ್ರಿ. ಒಮ್ಮೆ ಹೇಳಿ ಕೆಟ್ಟೇನಿ. ನಾ ಹೇಳಿದ್ರ ಅವರು ಉಣ್ಣಂಗಿಲ್ಲ, ಯೇಸಪ್ಪ ಬಂದು ಹೇಳಿದ್ರೂ ಉಣ್ಣಂಗಿಲ್ಲ. ನಿಮ್ಮ ಮಾತಾದ್ರ ಓಣಿ ಕೇಳತೈತಿ. ಓಣಿ ಕೇಳಿದ್ರ ಅವರು ಕೇಳತಾರ. ಅದಕ್ಕ ಬಂದೇನಿ."

ದಾವಲಸಾಬನ ಮುಖದ ಮೇಲೆ ಶುಕ್ರವಾರದಿಂದ ಕೂತಿದ್ದ ಸಿಟ್ಟು ಜಾಗ ಬಿಟ್ಟು ಏಳತೊಡಗಿತು. ಅದರ ಜಾಗಕ್ಕೆ ಬಂದದ್ದು ಭಯ. ಭಾಬಿಯ ನಡುಗುವ ಕೈಯನ್ನು ಅವನೂ ಇಫ್ತಾರಿನಲ್ಲಿ ನೋಡಿದ್ದ, ನೋಡಿ ವಯಸ್ಸು ಎಂದುಕೊಂಡಿದ್ದ.

"ತಬಿತಕ್ಕಾ," ಎಂದ ಅವನು, "ಶುಕ್ರವಾರ ನೀವು ಅಂದದ್ದು…"

ಮಾತು ಮುಗಿಯಲಿಲ್ಲ. ಓಣಿಯ ತುದಿಯಿಂದ ಆರ್ಜೂ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. "ಕಾಕಾ! ಲಗೂ ಬರ್ರಿ, ಅತ್ತಿ ಮಾತಾಡವಲ್ರು!"

ಎಲ್ಲರೂ ಓಡಿದರು. ಹಾಫೀಜ್ ಸಾಹೇಬರು ಕೋಲನ್ನು ಊರಲಿಲ್ಲ, ಬಗಲಲ್ಲಿ ಇಟ್ಟುಕೊಂಡು ಓಡಿದರು. ತಬಿತವ್ವ ದಾರಿಯಲ್ಲಿ ತನ್ನ ಮನೆಗೆ ನುಗ್ಗಿ ಒಂದು ತಂಬಿಗೆ ನೀರಿಗೆ ಸಕ್ಕರೆ ಕಲಸಿ ತಂದಳು.

ಅಮೀನಾಬಿ ಗೋಡೆಗೆ ಒರಗಿದ್ದಳು. ಕುಪ್ಪಸ ಬೆವರಿನಿಂದ ಮೈಗೆ ಅಂಟಿತ್ತು, ಕಣ್ಣು ಅರ್ಧ ತೆರೆದಿದ್ದವು. ಆರ್ಜೂ ಸಕ್ಕರೆ ನೀರಿನ ಲೋಟ ತುಟಿಗೆ ಹಿಡಿದಳು. ತುಟಿ ಬಿಗಿಯಿತು. ತಬಿತವ್ವ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಳು. ಅಮೀನಾಬಿಯ ಕಣ್ಣು ಆಕೆಯ ಮೇಲೆ ಬಿತ್ತು, ಮುಖ ಆಚೆ ತಿರುಗಿತು. ಅಷ್ಟು ಶಕ್ತಿ ಮಾತ್ರ ಎಲ್ಲಿಂದ ಬಂತೋ.

ತಬಿತವ್ವ ಹೆಜ್ಜೆ ಹಿಂದೆ ತೆಗೆದಳು. ತಂಬಿಗೆಯನ್ನು ದಾವಲಸಾಬನ ಕೈಗೆ ಕೊಟ್ಟು ಹೊಸ್ತಿಲ ಹೊರಗೆ ನಿಂತಳು.

"ನೀ ಕುಡಸು. ನಾ ಒಳಗ ಬರಂಗಿಲ್ಲ. ಲಗೂ."

ಹಾಫೀಜ್ ಸಾಹೇಬರು ಏದುಸಿರಲ್ಲಿ ಬಾಗಿಲಿಂದಲೇ ಕೂಗಿದರು: "ಬೇಟೀ, ಬಾಯಿ ತೆರಿ. ಮಾಫಿ ಐತಿ. ನಾ ಹೇಳಾಕತ್ತೇನಿ, ನನ್ನ ಜವಾಬ್ದಾರಿ. ಬಾಯಿ ತೆರಿ!"

ದಾವಲಸಾಬ ಮಂಡಿಯೂರಿ ಕೂತ. ಕಬ್ಬಿಣ ಹಿಡಿಯುವ ಕೈಯಿಂದ ತಂಬಿಗೆಯನ್ನು ಆಕೆಯ ತುಟಿಗೆ ಹಿಡಿದ. "ಭಾಬೀ, ನನ್ನ ಸಲುವಾಗಿ ರೋಜಾ ಹಿಡೀಬ್ಯಾಡ. ನಾ ಊರಾಗೆಲ್ಲಾ ದೊಡ್ಡ ಮಾತಾಡಿದ್ದು ನನ್ನ ತಪ್ಪು. ಕುಡಿ, ಭಾಬಿ."

ಓಣಿ ಕಿಟಕಿಗಳಲ್ಲಿ ನಿಂತು ನೋಡುತ್ತಿತ್ತು. ಎಷ್ಟು ಹೊತ್ತೋ. ಬೆಂಗೇರಿಯ ಗಡಿಯಾರಗಳೆಲ್ಲ ಅಂದು ಸ್ವಲ್ಪ ಹೊತ್ತು ನಿಂತು ಆಮೇಲೆ ನಡೆದವೆಂದು ಈಗಲೂ ಕೆಲವರು ಹೇಳುತ್ತಾರೆ. ಕೊನೆಗೆ ಅಮೀನಾಬಿಯ ಗಂಟಲು ಒಮ್ಮೆ ಅಲುಗಿತು. ಇನ್ನೊಮ್ಮೆ ಅಲುಗಿತು. ಆರ್ಜೂ ಅಳತೊಡಗಿದಳು. ಹೊರಗೆ ಆಟೋ ಬಂದು ನಿಂತಿತ್ತು. ದಾವಲಸಾಬ ಭಾಬಿಯನ್ನು ಎತ್ತಿಕೊಂಡು ದವಾಖಾನೆಗೆ ಹೋದ. ಆಟೋದಲ್ಲಿ ತಬಿತವ್ವನಿಗೆ ಜಾಗವಿತ್ತು. ಯಾರೂ ಹತ್ತು ಅನ್ನಲಿಲ್ಲ, ಆಕೆಯೂ ಹತ್ತಲಿಲ್ಲ. ಆಶಿಷ್ ಬಂದು ಪಕ್ಕದಲ್ಲಿ ನಿಂತ. ಸ್ಪೀಕರನ್ನು ಕಿಟಕಿಯಿಂದ ಇಳಿಸಿದ್ದೇನೆ ಎಂದ. ಆಕೆ ಸೆರಗು ಸರಿ ಮಾಡಿಕೊಂಡು ಮನೆಯ ಕಡೆ ನಡೆದಳು.

ಅಮೀನಾಬಿ ಮರುದಿನ ಮನೆಗೆ ಬಂದಳು. ಹಾಫೀಜ್ ಸಾಹೇಬರು ನಮಾಜಿನ ನಂತರ ಯಾರ ಹೆಸರೂ ತೆಗೆಯದೆ, ಬೀಮಾರಿದ್ದವರು ರೋಜಾ ಹಿಡಿದು ಜೀವಕ್ಕೆ ಕುತ್ತು ತಂದುಕೊಳ್ಳುವುದು ಪುಣ್ಯವಲ್ಲ ಎಂದು ಹೇಳಿದರು. ಅದನ್ನು ಕೇಳಿ ಓಣಿಯ ಇನ್ನೂ ಕೆಲವು ಮುದುಕಿಯರು ತಮಗೂ ಸಕ್ಕರೆ ಇದೆಯೆಂದು ಒಪ್ಪಿಕೊಂಡರು. ದಾವಲಸಾಬ ತಬಿತವ್ವನ ಗೇಟಿಗೆ ಬಂದು, ತುಕ್ಕು ಹಿಡಿದ ಕೀಲನ್ನು ನೋಡಿ, ಕೇಳದೆಯೇ ವೆಲ್ಡಿಂಗ್ ಮಾಡಿ ಹೋದ. ಕ್ಷಮೆ ಕೇಳುವುದಕ್ಕೆ ಅವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ.

ಆದರೆ ಗಿಡ್ಡ ಬಾಗಿಲಿನ ಚಿಲಕ ತೆರೆಯಲಿಲ್ಲ. ತಬಿತವ್ವ ಮುಂಬಾಗಿಲಿಗೆ ಹೋದಾಗೆಲ್ಲ ಆರ್ಜೂ ಬಂದು, "ಅತ್ತಿ ಮಲಗ್ಯಾರ್ರಿ ಕಾಕೂ," ಅನ್ನುತ್ತಿದ್ದಳು. ಅಮೀನಾಬಿ ಅಷ್ಟು ಮಲಗಿದ್ದರೆ ಕುಂಭಕರ್ಣ ನಾಚಿ ಎದ್ದು ಕೆಲಸ ಹುಡುಕುತ್ತಿದ್ದ. ತಬಿತವ್ವ ಹಿಂದಿರುಗಿ ಬಂದು ರೊಟ್ಟಿ ಬಡಿಯುತ್ತಿದ್ದಳು. ಪ್ರಾರ್ಥನೆಯನ್ನು ತುಟಿ ಅಲುಗಿಸದೆ ಮಾಡುತ್ತಿದ್ದಳು. ಹಾಗೆ ಮಾಡಿದರೆ ದೇವರಿಗೆ ಕೇಳುತ್ತದೆಂದು ಆಕೆಗೆ ಪೂರ್ತಿ ನಂಬಿಕೆ ಇರಲಿಲ್ಲ.

ಒಂದು ಸಂಜೆ, ಮಸೀದಿಯಿಂದ ಇಫ್ತಾರಿನ ಬಾಂಗಿನ ಕೂಗು ಮುಗಿದ ಮೇಲೆ, ಹಿತ್ತಲ ಗೋಡೆಯ ಮೇಲೆ ಒಂದು ತಾಟು ಬಂದು ಕೂತಿತು. ಮೇಲೆ ಬಿಳಿ ಬಟ್ಟೆ. ಕೆಳಗೆ ಸಮೋಸಾ, ಖರ್ಜೂರ, ಹಲೀಮಿನ ಬಟ್ಟಲು. ಹಿಡಿದ ಬೆರಳುಗಳು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ.

"ರೋಜಾ ಬಿಟ್ಟದ್ದಕ್ಕ ದಿನಾ ಒಬ್ಬ ಬಡವರಿಗೆ ಉಣಿಸು ಅಂದಾರ ಹಾಫೀಜ್ ಸಾಹೇಬ್ರು," ಎಂದಿತು ಗೋಡೆಯ ಆಚೆಯ ದನಿ. "ಓಣಿ ತುಂಬ ಹುಡುಕಿದೆ. ಬುದ್ಧೀಲೆ ನಿನಗಿಂತ ಬಡವರು ಯಾರೂ ಸಿಗಲಿಲ್ಲ. ತಗೋ."

ತಬಿತವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ತಾಟನ್ನು ನೋಡಿದಳು. ಕಣ್ಣು ಒದ್ದೆಯಾದವು, ಆದರೆ ತಾಟು ಮುಟ್ಟಲಿಲ್ಲ. ಸೊಂಟದ ಮೇಲೆ ಕೈ ಇಟ್ಟು, ಚಿಲಕ ಬಿದ್ದ ಗಿಡ್ಡ ಬಾಗಿಲಿನ ಮುಂದೆ ಬಂದು ನಿಂತಳು.

"ಬಡವರಿಗೆ ಕೊಡೂದಿದ್ರ ಬಾಗಲಾ ತಗದು, ಮಾರಿ ನೋಡಿ ಕೊಡಬೇಕವಾ. ಗ್ವಾಡಿ ಮ್ಯಾಲಿಂದ ಬೆಕ್ಕಿಗೆ ಹಾಕತಾರ."